‘ಡಾಕ್ಟ್ರ ಗಾಡಿ’ ಎಂದರೆ ಸ್ವಲ್ಪ ತಡೆಯಿರಿ

“ಸಿಂಗಲ್ ಓನರ್ ಸಾರ್. ಡಾಕ್ಟ್ರ ಗಾಡಿ. ಬರೀ ಮನೆ–ಆಸ್ಪತ್ರೆ ಓಡಿರೋದು, ಹೈವೇ ಮುಖಾನೇ ನೋಡಿಲ್ಲ.”

ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಿ ಹೊರಟವರ ಕಿವಿಗೆ ಈ ಮಾತು ಒಮ್ಮೆಯಾದರೂ ಬಿದ್ದಿರುತ್ತದೆ. ಕಡಿಮೆ ಓಡಿದೆ, ವಿದ್ಯಾವಂತರ ಕೈಯಲ್ಲಿತ್ತು, ಇನ್ನೇನು ಬೇಕು ಎಂದು ಎಷ್ಟೋ ಮಂದಿ ಅಲ್ಲೇ ಅಡ್ವಾನ್ಸ್ ಕೊಡುತ್ತಾರೆ. ಹಳೆಯ ಅಂಬಾಸಿಡರ್, ಮಾರುತಿ 800 ಕಾಲಕ್ಕೆ ಆ ಲೆಕ್ಕ ಸರಿಯಿತ್ತು. ಆದರೆ ನಿಮ್ಮ ಮುಂದೆ ನಿಂತಿರುವುದು 2020ರ ನಂತರದ ಟರ್ಬೊ ಡೀಸೆಲ್ ಎಸ್‌ಯುವಿ ಆಗಿದ್ದರೆ, ಅದೇ ಹೊಗಳಿಕೆ ಎಚ್ಚರಿಕೆಯ ಗಂಟೆ. ದಿನಾ ನಾಲ್ಕು ಕಿಲೋಮೀಟರ್ ಓಡಿ, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆದ ಗಾಡಿಗಿಂತ, ಹುಬ್ಬಳ್ಳಿ–ಬೆಂಗಳೂರು ನಡುವೆ ಲಕ್ಷ ಕಿಲೋಮೀಟರ್ ಓಡಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಗಾಡಿ ಎಷ್ಟೋ ಮೇಲು.

ಮೊದಲು ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಗಾಡಿಗಳ ಜಿಎಸ್‌ಟಿ ಬದಲಾಯಿತು. ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ಸೂ ಸೇರಿ ಶೇ 50ರಷ್ಟಿದ್ದ ತೆರಿಗೆ ಶೇ 40ಕ್ಕೆ ಇಳಿದರೆ, ನಾಲ್ಕು ಮೀಟರ್‌ ಒಳಗಿನ ಸಣ್ಣ ಎಂಜಿನ್ ಗಾಡಿಗಳದ್ದು ಶೇ 18ಕ್ಕೆ ಬಂತು. ಮಾರುವವರು ಮಾತ್ರ ತಾವು ಅಂದು ಕೊಟ್ಟ ಬೆಲೆಯಿಂದಲೇ ಲೆಕ್ಕ ಶುರು ಮಾಡುತ್ತಾರೆ. ಆದ್ದರಿಂದ ಹಳೆಯದರ ರೇಟು ಕೇಳುವ ಮೊದಲು ಅದೇ ಮಾದರಿಯ ಹೊಸದರ ಇವತ್ತಿನ ಆನ್‌ರೋಡ್ ಬೆಲೆ ತಿಳಿದುಕೊಂಡು ಹೋಗಿ. ಹಾಗೆಂದು ಹಳೆಯ ಗಾಡಿಯ ಲಾಭವೇ ಹೋಯಿತು ಎಂದಲ್ಲ. ಕರ್ನಾಟಕದಲ್ಲಿ 10 ಲಕ್ಷ ರೂಪಾಯಿ ದಾಟಿದ ಗಾಡಿಗೆ ಜೀವಿತಾವಧಿ ತೆರಿಗೆಯೇ ಕನಿಷ್ಠ ಶೇ 17, ಮೇಲೆ ಸೆಸ್ ಬೇರೆ. ನಮ್ಮದೇ ರಾಜ್ಯದ ಹಳೆಯ ಗಾಡಿಗೆ ಆ ಹಣವನ್ನು ಮೊದಲ ಮಾಲೀಕರು ಕಟ್ಟಿಬಿಟ್ಟಿರುತ್ತಾರೆ.

ನಮ್ಮ ಮನೆಗಳ ಗಾಡಿಗೆ ಟರ್ಬೊ ಬಂದದ್ದರ ಹಿಂದೆಯೂ ತೆರಿಗೆಯ ಕೈವಾಡವಿದೆ. ಉದ್ದ ನಾಲ್ಕು ಮೀಟರ್‌ ಒಳಗಿರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು, ಆಗ ತೆರಿಗೆ ಕಡಿಮೆ: 2006ರ ಬಜೆಟ್ಟಿನಲ್ಲಿ ಶುರುವಾದ ರಿಯಾಯಿತಿ ಇದು. ಗಾಡಿ ಎತ್ತರವಾಗಿರಬೇಕು, ಐದು ಮಂದಿ ಕೂರಬೇಕು, ಘಾಟಿ ಹತ್ತಬೇಕು, ಎಂಜಿನ್ ಮಾತ್ರ ಸಣ್ಣದಿರಬೇಕು. ಅದಕ್ಕೆ ದಾರಿ ಟರ್ಬೊ. ಡೀಸೆಲ್‌ನಲ್ಲಿ ಅದು ಮೊದಲೇ ಇತ್ತು. 2017ರ ಟಾಟಾ ನೆಕ್ಸಾನ್‌ನ 1.2 ಲೀಟರ್, 2019ರ ಹ್ಯುಂಡೈ ವೆನ್ಯೂವಿನ 1 ಲೀಟರ್, ಮಹೀಂದ್ರ ಎಕ್ಸ್‌ಯುವಿ300ರ 1.2 ಲೀಟರ್ ಎಂಜಿನ್‌ಗಳೊಂದಿಗೆ ಪೆಟ್ರೋಲ್ ಎಸ್‌ಯುವಿಗಳಲ್ಲೂ ಅದು ಮಾಮೂಲಾಯಿತು.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಈ ಸಾಧನದ ತತ್ವ ಸರಳ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಪಿಕಪ್. ಎಂಜಿನ್ ನಿಮಿಷಕ್ಕೆ ಐದಾರು ಸಾವಿರ ಸುತ್ತು ಹೊಡೆಯುವುದೇ ಹೆಚ್ಚು. ಈ ಪುಟ್ಟ ಶಾಫ್ಟು ಲಕ್ಷ ಸುತ್ತು ದಾಟುತ್ತದೆ. ಒಂದು ಬದಿಯಲ್ಲಿ ನೂರಾರು ಡಿಗ್ರಿ ಶಾಖ, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ. ಇವೆರಡರ ನಡುವೆ ಅದು ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ಕೆಟ್ಟರೆ, ಕಡಿಮೆಯಾದರೆ ಅಥವಾ ತಡವಾಗಿ ತಲುಪಿದರೆ ಮೊದಲ ಪೆಟ್ಟು ಬೀಳುವುದು ಅಲ್ಲಿಗೇ. ಟರ್ಬೊ ಬದಲಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಆಯಿಲ್ ಪೈಪಿನಲ್ಲಿ ಕಟ್ಟಿದ ಕರಿಯನ್ನು ತೆಗೆಯದೆ ಹೊಸದು ಕೂರಿಸಿದರೆ ಅದೂ ಬಹಳ ದಿನ ಬಾಳುವುದಿಲ್ಲ.

ಹಾಗಾಗಿ ಟರ್ಬೊ ಗಾಡಿಯ ಜಾತಕ ಇರುವುದು ಮೀಟರಿನಲ್ಲಲ್ಲ, ಹಿಂದಿನ ಮಾಲೀಕರ ರೂಢಿಯಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಆಕ್ಸಿಲರೇಟರ್ ಒತ್ತುವವರೇ? ಶಿರಾಡಿ ಘಾಟಿ ಹತ್ತಿ ಬಂದು, ಸಕಲೇಶಪುರದ ಹೋಟೆಲ್ ಮುಂದೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಇಳಿಯುವವರೇ, ಅಥವಾ ಒಂದು ನಿಮಿಷ ಐಡ್ಲಿಂಗ್ ಬಿಟ್ಟು ಶಾಖ ಇಳಿಸುವವರೇ? ಸಿಂಥೆಟಿಕ್ ಆಯಿಲ್ ಹಾಕಬೇಕಾದಲ್ಲಿ ಅಗ್ಗದ್ದನ್ನು ಸುರಿದವರೇ? ಇದು ಆರ್‌ಸಿಯಲ್ಲಿ ಬರೆದಿರುವುದಿಲ್ಲ, ಸರ್ವಿಸ್ ಬಿಲ್ಲುಗಳಲ್ಲಿ ಸುಳಿವು ಸಿಗುತ್ತದೆ. ಆ ಬಿಲ್ಲುಗಳನ್ನು ದಿನಾಂಕ, ಕಿಲೋಮೀಟರ್ ಸಮೇತ ಜೋಡಿಸಿ ನೋಡಿ. ವರ್ಷಕ್ಕೊಮ್ಮೆ ಅಥವಾ ಕಂಪನಿ ಹೇಳಿದ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಗಿದೆಯೇ, ಬಿಲ್ಲಿನಲ್ಲಿ ಆಯಿಲ್‌ನ ಗ್ರೇಡ್ ನಮೂದಾಗಿದೆಯೇ ಎಂದು ಗಮನಿಸಿ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೂ ಸಿಕ್ಕಿಬೀಳುವುದು ಇಲ್ಲೇ. ಮಾಲೀಕರ ಒಪ್ಪಿಗೆ ಪಡೆದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ದಾಖಲೆ ತೆಗೆಸಿದರೆ ಇನ್ನೂ ಒಳ್ಳೆಯದು.

ಡಾಕ್ಟ್ರ ಗಾಡಿಯ ವಿಷಯಕ್ಕೆ ಬರೋಣ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಕೂತಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಶಾಖ ಬೇಕು. ಶಾಖ ಬರಬೇಕಾದರೆ ಗಾಡಿ ಹೈವೇಯಲ್ಲಿ ಒಂದೇ ಹದದಲ್ಲಿ ಕಾಲು ಗಂಟೆಯಾದರೂ ಓಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಆ ಭಾಗ್ಯವಿಲ್ಲ. ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಮಸಿ ಸುಡಲು ಹೊರಡುತ್ತದೆ, ಅಷ್ಟರಲ್ಲಿ ನೀವು ಮನೆ ತಲುಪಿ ಆಫ್ ಮಾಡುತ್ತೀರಿ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಗಳಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಟರ್ಬೊದ ಆ ತೆಳು ಪದರ ಬಲ ಕಳೆದುಕೊಳ್ಳುತ್ತದೆ. ಹೀಗೆ ಒಂದರ ತೊಂದರೆ ಇನ್ನೊಂದರ ಕುತ್ತಿಗೆಗೆ ಬರುತ್ತದೆ. ನಿಮ್ಮ ಓಡಾಟವೂ ಬರೀ ಊರೊಳಗಿನದಾದರೆ, ಎಷ್ಟೇ ಒಳ್ಳೆಯ ಬಿಎಸ್6 ಡೀಸೆಲ್ ಸಿಕ್ಕಿದರೂ ಅದು ನಿಮ್ಮದಲ್ಲ. ಪೆಟ್ರೋಲ್ ನೋಡಿ.

ಗಾಡಿ ನೋಡಲು ಹೋಗುವಾಗ ಒಂದು ಷರತ್ತು ಹಾಕಿ: ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ, ಬೆಳಗಿನ ಮೊದಲ ಸ್ಟಾರ್ಟಿನ ಹೊಗೆಯನ್ನು ನಿಮಗೆ ಕಾಣದಂತೆ ಮುಗಿಸಿದ್ದಾರೆ ಎಂದೇ ಅರ್ಥ. ತಣ್ಣಗಿದ್ದರೆ ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ, ಮತ್ತೆ ಅದ್ದಿ, ತೆಗೆದು ನೋಡಿ. ಡೀಸೆಲ್‌ನಲ್ಲಿ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಹೆದರಬೇಡಿ. ನೋಡಬೇಕಾದ್ದು ಮಟ್ಟ. ಮೇಲಿನ ಗೆರೆಗಿಂತ ಎರಡು ಬೆರಳು ಮೇಲೆ ನಿಂತು, ಮೂಸಿದರೆ ಡೀಸೆಲ್ ವಾಸನೆ ಹೊಡೆದರೆ ಮೇಲೆ ಹೇಳಿದ ಕಥೆ ನಡೆದಿದೆ. ಕೆಳಗಿನ ಗೆರೆಗೂ ಮುಟ್ಟದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಆಯಿಲ್ ಕ್ಯಾಪಿನ ಒಳಬದಿಯಲ್ಲಿ ಕಾಫಿ ಬಣ್ಣದ ಜಿಡ್ಡು ಕಟ್ಟಿದ್ದರೆ ನೀರಿನಂಶ ಸೇರಿರಬಹುದು.

ಸ್ಟಾರ್ಟ್ ಆದ ಮೇಲೆ ಹಿಂದೆ ಹೋಗಿ ಹೊಗೆ ನೋಡಿ. ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ; ಟರ್ಬೊ ಸೀಲ್ ಹೋಗಿರುವ ಸಾಧ್ಯತೆ ಹೆಚ್ಚು. ಆಕ್ಸಿಲರೇಟರ್ ಒತ್ತಿದಾಗ ಗಾಢ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ; ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ಹರಿದಿರಬಹುದು ಅಥವಾ ಟರ್ಬೊದ ಒಳಗಿನ ರೆಕ್ಕೆಗಳು ಮಸಿಯಿಂದ ಬಿಗಿದಿರಬಹುದು. ಇಂಟರ್‌ಕೂಲರ್ ಹೋಸುಗಳ ಕೀಲಲ್ಲಿ ಸ್ವಲ್ಪ ಜಿಡ್ಡು ಇರುತ್ತದೆ, ತೊಟ್ಟಿಕ್ಕುವಷ್ಟು ಇರಬಾರದು.

ಟೆಸ್ಟ್ ಡ್ರೈವನ್ನು ಬಡಾವಣೆಯ ಒಂದು ಸುತ್ತಿನಲ್ಲಿ ಮುಗಿಸಬೇಡಿ. ಫ್ಲೈಓವರ್ ಏರು, ಸಾಧ್ಯವಾದರೆ ಒಂದು ಘಾಟಿ, ಜೊತೆಗೆ ಮನೆಮಂದಿ. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ನಿಧಾನವಾಗಿ ಒತ್ತುತ್ತ ಹೋಗಿ. 2000 ಸಮೀಪಿಸುವ ಹೊತ್ತಿಗೆ ಸೀಟಿಗೆ ಒತ್ತಿದಂತೆ ಎಳೆತ ಬರಬೇಕು, ಅದು ಜಗ್ಗದೆ ಬರಬೇಕು. ಮೆಲುವಾದ ಶಿಳ್ಳೆ ಸಹಜ. ಆ್ಯಂಬುಲೆನ್ಸ್ ಸೈರನ್ನಿನಂತೆ ಏರುವ ಕೂಗು ಅಲ್ಲ. ಎಳೆತ ತಟ್ಟನೆ ನಿಂತು, ಎಂಜಿನ್ ಲೈಟ್ ಹೊತ್ತಿ, ಗಾಡಿ ಮೂರು ಸಾವಿರ ಆರ್‌ಪಿಎಂ ದಾಟದೆ ಕುಂಟಿದರೆ ಅಲ್ಲಿಗೇ ಮಾತು ಮುಗಿಸಿ.

ನಂಬಿಕಸ್ತ ಮೆಕ್ಯಾನಿಕ್ ಜೊತೆ ಸ್ಕ್ಯಾನರ್ ಇರಲಿ. ಟರ್ಬೊ ಒತ್ತಡ ಸಾಲದಿದ್ದರೆ ಪಿ0299 ಎಂಬ ಕೋಡ್ ಬರುತ್ತದೆ. ಏನೂ ಬರಲಿಲ್ಲವೆಂದು ಹಿಗ್ಗಬೇಡಿ. ಕೋಡ್ ಅಳಿಸಲು ಒಂದು ನಿಮಿಷ ಸಾಕು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಅನೇಕ ಗಾಡಿಗಳಲ್ಲಿ ಸ್ಕ್ಯಾನರ್ ತೋರಿಸುತ್ತದೆ. ಅಲ್ಲಿ ಎಂಟೋ ಹತ್ತೋ ಕಾಣಿಸಿದರೆ, ನೀವು ಬರುತ್ತೀರೆಂದು ಯಾರೋ ನಿನ್ನೆ ಒರೆಸಿಟ್ಟಿದ್ದಾರೆ.

ಪೆಟ್ರೋಲ್ ಟರ್ಬೊ ಕೊಳ್ಳುವವರು ಇನ್ನೆರಡು ವಿಷಯ ಗಮನಿಸಬೇಕು. ಮೊದಲನೆಯದು ಗೇರ್‌ಬಾಕ್ಸ್. 2020ರ ಕ್ರೆಟಾದಂಥ ಗಾಡಿಗಳ 1.4 ಟರ್ಬೊ ಜೊತೆ ಬಂದದ್ದು ಒಣ ಕ್ಲಚ್ಚಿನ ಏಳು ಗೇರಿನ ಡಿಸಿಟಿ, ಅಂದರೆ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್. ಅಂಥ ಕ್ಲಚ್ಚಿಗೆ ಬಂಪರ್ ಟು ಬಂಪರ್ ಟ್ರಾಫಿಕ್ಕೇ ಶತ್ರು. ಬ್ರೇಕ್ ಬಿಟ್ಟು ತೆವಳಿಸಿ ನೋಡಿ. ನಡುಗಿದರೆ, ಏರಿನಲ್ಲಿ ತಡವರಿಸಿದರೆ ಖರ್ಚು ಕಾದಿದೆ. ಎರಡನೆಯದು ಇಂಧನ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್ ನಂತರದ ಗಾಡಿಗಳ ರಬ್ಬರ್, ಪೈಪುಗಳು ಅದಕ್ಕೆ ಹೊಂದುತ್ತವೆ. ಅದಕ್ಕಿಂತ ಹಳೆಯದಾದರೆ ಓನರ್ಸ್ ಮ್ಯಾನ್ಯುಯಲ್ ತೆರೆದು ನೋಡಿ.

ಮಾದರಿಗಳಲ್ಲಿ ಯಾವುದು? ಕಡಿಮೆ ಬಜೆಟ್ಟಿನವರಿಗೆ 2016ರಿಂದ 2020ರವರೆಗಿನ ಬ್ರೆಝಾ ಡೀಸೆಲ್ ಇಂದಿಗೂ ಧೈರ್ಯವಾಗಿ ಕೊಳ್ಳಬಹುದಾದ ಆಯ್ಕೆ. ಅದರ 1.3 ಲೀಟರ್ ಫಿಯೆಟ್ ಎಂಜಿನ್ ಸ್ವಿಫ್ಟ್, ಪುಂಟೊ, ಇಂಡಿಕಾ ವಿಸ್ಟಾಗಳಲ್ಲೂ ಇದ್ದದ್ದರಿಂದ ಯಾವ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗೂ ಅದು ಪರಿಚಿತ. 2012ರಲ್ಲಿ ಬಂದ ರೆನೊ ಡಸ್ಟರ್ ಕೆಟ್ಟ ರಸ್ತೆಗೆ ಹೇಳಿಮಾಡಿಸಿದ್ದು, ಆದರೆ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕಾಣದೆ ಕೊಳ್ಳಬೇಡಿ. ಆ ಬೆಲ್ಟ್ ಹರಿದರೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಏಳು ಮಂದಿಗೆ ಬೇಕಾದವರು 2.2 ಲೀಟರಿನ ಎಕ್ಸ್‌ಯುವಿ500, 2021ರ ನಂತರದ ಎಕ್ಸ್‌ಯುವಿ700, 2 ಲೀಟರ್ ಡೀಸೆಲ್ಲಿನ ಸಫಾರಿ ನೋಡಬಹುದು. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಕ್ರಿಸ್ಟಾ ಎಸ್‌ಯುವಿ ಅಲ್ಲದಿದ್ದರೂ ಈ ಪಟ್ಟಿಗೆ ತಾನಾಗಿ ಸೇರಿಕೊಳ್ಳುತ್ತದೆ; ಹಳೆಯದಾದರೂ ಬೆಲೆ ಬಿಟ್ಟುಕೊಡುವುದಿಲ್ಲ, ಅಷ್ಟೇ ತಕರಾರು. 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಫೋರ್ಡ್‌ನ ಇಕೋಸ್ಪೋರ್ಟ್ ಅಗ್ಗಕ್ಕೆ ಸಿಗುತ್ತದೆ. ನಿಮ್ಮೂರಿನಲ್ಲಿ ಬಿಡಿಭಾಗ, ಕೆಲಸ ಬಲ್ಲ ಕೈ ಎರಡೂ ಇವೆಯೇ ಎಂದು ಮೊದಲು ವಿಚಾರಿಸಿ.

ಕುಟುಂಬದ ಗಾಡಿ ಎಂದ ಮೇಲೆ ಸುರಕ್ಷತೆಯನ್ನು ಟಚ್ ಸ್ಕ್ರೀನಿಗಿಂತ ಮುಂದಿಡಿ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನ್ 2018ರ ಡಿಸೆಂಬರಿನಲ್ಲಿ, ಎಕ್ಸ್‌ಯುವಿ300 2020ರ ಜನವರಿಯಲ್ಲಿ ಐದು ಸ್ಟಾರ್ ಪಡೆದವು. ಸ್ಟಾರ್ ಸಿಕ್ಕಿದ್ದು ಹೊಸ ಗಾಡಿಗೆ. ಅಪಘಾತವಾಗಿ ಟಿಂಕರಿಂಗ್ ಮಾಡಿಸಿದ್ದಕ್ಕಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಕಂಪನಿಯ ಸ್ಪಾಟ್ ವೆಲ್ಡಿಂಗ್ ಗುರುತುಗಳು ಸಾಲಾಗಿವೆಯೇ ನೋಡಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಸುತ್ತಲಿನ ಬಡಾವಣೆಗಳಲ್ಲಿ ಗಾಡಿಗಳು ಮುಳುಗಿದ್ದು ನೆನಪಿರಬಹುದು. ಅಂಥ ಗಾಡಿ ತೊಳೆದು ಪಾಲಿಶ್ ಆಗಿ ಬೇರೆ ಊರಿನ ಮಾರುಕಟ್ಟೆಗೂ ಬರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಪಾಲಿಶ್ ಮಾಡುವವರು ಅದರ ಬುಡದ ಕೆಸರಿನ ಗೆರೆ ಮರೆತಿರುತ್ತಾರೆ.

ಕಾಗದಪತ್ರದಲ್ಲಿ ಸಂಕೋಚ ಬೇಡ. ಎಂಪರಿವಾಹನ್ ಆ್ಯಪಿನಲ್ಲಿ ಆರ್‌ಸಿ, ಇನ್ಶೂರೆನ್ಸ್, ಬಾಕಿ ಚಲನ್ ನೋಡಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರಿಗೇ ಸೇರಿದ್ದು, ನಿಮಗೆ ಬರುವುದಿಲ್ಲ. ‘ಹೆಸರು ಆಮೇಲೆ ಮಾಡಿಸಿಕೊಳ್ಳೋಣ’ ಎಂಬ ಮಾತಿಗೆ ಎರಡೂ ಕಡೆಯವರು ಒಪ್ಪಬಾರದು. ಅಪಘಾತವಾದರೆ ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ದೆಹಲಿಯಲ್ಲಿ ನಿರ್ಬಂಧ ಬಂದ ಮೇಲೆ ಅಲ್ಲಿನವು ಇಲ್ಲಿಗೆ ಅಗ್ಗದಲ್ಲಿ ಬರುತ್ತವೆ. ಆ ಬೆಲೆಗೆ ಇಲ್ಲಿನ ತೆರಿಗೆ, ಎನ್‌ಒಸಿ, ಮರುನೋಂದಣಿಯ ಖರ್ಚು, ಓಡಾಟ ಸೇರಿಸಿ ನೋಡಿ. ಎಷ್ಟೋ ಸಲ ಉಳಿತಾಯ ಅಲ್ಲೇ ಕರಗುತ್ತದೆ.

ಎಲ್ಲ ಸರಿಯಿದ್ದರೂ ಇರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಟಯರ್, ಬ್ಯಾಟರಿ, ಒಂದು ದೊಡ್ಡ ಸರ್ವಿಸ್‌ಗೆ ಒಂದಿಷ್ಟು ಎತ್ತಿಡಿ. ಕೊಂಡ ಮೊದಲ ವಾರವೇ ಕಂಪನಿ ಹೇಳಿದ ಗ್ರೇಡಿನ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಆದರೆ ಫ್ಯುಯೆಲ್ ಫಿಲ್ಟರ್ ಬದಲಿಸಿ. ಬದಲಿಸಿದ್ದೇವೆ ಎಂದು ಮಾರಿದವರು ಹೇಳಿದ್ದರೂ ಬದಲಿಸಿ. ಆ ಬಿಲ್ಲನ್ನು ಒಂದು ಫೈಲಿಗೆ ಹಾಕಿ, ಮೇಲೆ ಕಿಲೋಮೀಟರ್ ಬರೆಯಿರಿ. ನಾಲ್ಕೈದು ವರ್ಷದ ಮೇಲೆ ನಿಮ್ಮ ಗಾಡಿ ನೋಡಲು ಬಂದವರು ಚೌಕಾಸಿಗೆ ಕೂತಾಗ, ಪೇಂಟಿನ ಹೊಳಪಿಗಿಂತ ಆ ಫೈಲಿಗೇ ಹೆಚ್ಚು ಬೆಲೆ ಸಿಗುತ್ತದೆ.