ಗಡಿ ಕಾವೇರಿದಾಗಲೂ ಕೆಡದ ನಂಟು

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ರೈಲು ಹತ್ತಿದರೆ ಕುಡಚಿ, ಉಗಾರ ದಾಟಿ ಮಹಾರಾಷ್ಟ್ರದ ಮೀರಜ್ ಸೇರಬಹುದು. ಇಲ್ಲಿಯವರಿಗೆ ದೊಡ್ಡ ಕಾಯಿಲೆಗೆ ಮೀರಜ್‌ನ ಆಸ್ಪತ್ರೆ ಬೇಕು. ಎಷ್ಟೋ ಸೊಸೆಯಂದಿರ ತವರೂ ಆ ಕಡೆಯೇ. ಮಾಯಕ್ಕನ ಜಾತ್ರೆಗೆ ಅಲ್ಲಿಂದ ಸಾವಿರಾರು ಜನ ಚಿಂಚಲಿಗೆ ಬರುತ್ತಾರೆ.

ಈ ನಂಟಿನ ನಡುವೆ 1956ರಲ್ಲಿ ರಾಜ್ಯಗಳ ಗಡಿ ಬಂತು. 1967ರಲ್ಲಿ ಮಹಾಜನ ಆಯೋಗ ಕೊಟ್ಟ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಬಸ್ಸು ನಿಂತರೆ ಕಷ್ಟ ಯಾರಿಗೆ? ಘೋಷಣೆ ಕೂಗಿದವರಿಗಲ್ಲ. ಆಸ್ಪತ್ರೆಗೆ ಹೊರಟ ಅಜ್ಜನಿಗೆ, ಹೆರಿಗೆಗೆ ತವರಿಗೆ ಹೊರಟ ಮಗಳಿಗೆ.

ಆದರೂ ಗಲಾಟೆ ತಣ್ಣಗಾದೊಡನೆ ಜನರ ಓಡಾಟ ಮೊದಲಿನಂತೆಯೇ ಸಾಗಿತು. ಏಕೆಂದರೆ ಕಷ್ಟಕಾಲದಲ್ಲಿ ಎರಡೂ ಕಡೆಯವರ ಪಾಡು ಒಂದೇ. 2019ರ ಆಗಸ್ಟ್‌ನಲ್ಲಿ ಉಕ್ಕಿದ ಕೃಷ್ಣೆ ಸಾಂಗಲಿಯನ್ನೂ ಮುಳುಗಿಸಿತು, ಅಥಣಿ, ರಾಯಬಾಗದ ನದಿದಂಡೆಯ ಹಳ್ಳಿಗಳನ್ನೂ ಮುಳುಗಿಸಿತು. ನೆರೆ ಯಾರ ಭಾಷೆಯನ್ನೂ ಕೇಳಲಿಲ್ಲ.

ಸಹೋದರಿಯರೇ, ಜಗಳದ ದಿನಗಳು ಮತ್ತೆ ಬರಬಹುದು. ಆಗ ಮೊಬೈಲಿಗೆ ಬಂದ ಸುದ್ದಿಯನ್ನು ಇತರರಿಗೆ ಕಳಿಸುವ ಮೊದಲು ಗಡಿಯಾಚೆಯ ನಂಟರಿಗೆ ಫೋನ್ ಮಾಡಿ ವಿಚಾರಿಸಿ. "ಅವರೆಲ್ಲ ಹಾಗೆಯೇ" ಎಂಬ ಮಾತು ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಬೀದಿಯಲ್ಲಿ ಕಲ್ಲೆತ್ತುವ ಕೈಗೆ ದ್ವೇಷದ ಮೊದಲ ಪಾಠ ಎಷ್ಟೋ ಸಲ ಮನೆಯಲ್ಲೇ ಸಿಕ್ಕಿರುತ್ತದೆ. ಆ ಪಾಠವನ್ನು ತಡೆಯುವುದು ನಮ್ಮ ಕೈಯಲ್ಲಿದೆ.