ನಾಯಿಯ ಚಿತ್ರ, ಬಿಪಿ ಮಾತ್ರೆ ಮತ್ತು ತಾಳ್ಮೆ



ವಿಶಾಖಪಟ್ಟಣ, ವಿಜಯವಾಡದಲ್ಲಿರುವ ನಮ್ಮ ಕನ್ನಡದ ಮನೆಗಳವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಅಪ್ಪನ್ನ ಊರಿಂದ ಕರ್ಕೊಂಡು ಬಂದಿದ್ದೀವಿ. ತೆಲುಗು ಬರಲ್ಲ, ಮಾತಾಡೋಕೆ ಯಾರೂ ಇಲ್ಲ. ಬಿಪಿ ಮಾತ್ರೆ ತಗೊಳ್ಳಿ ಅಂದ್ರೆ ಸಿಟ್ಟು. ಏನ್ ಮಾಡೋದು?"

ಇದಕ್ಕೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬಂದಾಗ ನಮ್ಮಪ್ಪನಿಗೆ 72 ವರ್ಷ. ಬಿಪಿ 164/96. ನಾಲ್ಕು ದಿನ ಮಾತ್ರೆ ನುಂಗಿದರು. "ಏನೂ ಫರಕು ಗೊತ್ತಾಗ್ಲಿಲ್ಲಪ್ಪ" ಎಂದು ಬಿಟ್ಟುಬಿಟ್ಟರು. ಮಗ ಹೃದಯದ ಡಾಕ್ಟರ್ ಆದರೇನು, ಅಪ್ಪನ ಮುಂದೆ ಮಗನೇ!

ಅವರಿಗೆ ಇದ್ದ ಜೊತೆ ನಮ್ಮ ಕಪ್ಪು ನಾಯಿ ಕರಿಯ. ಒಂದು ದಿನ ಮೊಮ್ಮಗಳ ವಾಟರ್ ಕಲರ್ ಡಬ್ಬಿ ತೆಗೆದು ಅದರ ಚಿತ್ರ ಬರೆಯಲು ಕೂತರು. "ಅಜ್ಜ, ಇದು ಆಡಿನ ಥರ ಇದೆ" ಎಂದಳು ಮೊಮ್ಮಗಳು. ಅಪ್ಪ ಹಾಳೆ ಹರಿದು ಎಸೆದರು. ಮಾತ್ರೆ ಬಿಟ್ಟ ಹಾಗೆಯೇ!

ಆಮೇಲೊಮ್ಮೆ ವಿಜಯವಾಡಕ್ಕೆ ಹೋದಾಗ ಅವರನ್ನು ಹತ್ತಿರದ ಕೊಂಡಪಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿಯ ಗೊಂಬೆಗಳು ಪ್ರಸಿದ್ಧ. ತೆಲ್ಲ ಪೊಣಿಕಿ ಎಂಬ ಹಗುರ ಮರ ಮೊದಲು ಒಣಗಬೇಕು. ಕಾಲು, ತಲೆ ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಬೆರೆಸಿ ಕೂಡಿಸುತ್ತಾರೆ. ಅದೂ ಒಣಗಿ, ಉಜ್ಜಿ ನಯವಾದ ಮೇಲೆಯೇ ಬಣ್ಣ. ಅರ್ಧ ಆಗಿರುವ ಆನೆ ಆನೆಯಂತೆ ಕಾಣುವುದಿಲ್ಲ. ಆದರೂ ಯಾರೂ ಅದನ್ನು ಎಸೆಯುವುದಿಲ್ಲ.

ಅಪ್ಪ ಸುಮ್ಮನೆ ನೋಡಿದರು. ಮನೆಗೆ ಬಂದ ಮೇಲೆ ಹಾಳೆ ಹರಿಯುವುದನ್ನು ನಿಲ್ಲಿಸಿದರು. ಪ್ರತಿ ಚಿತ್ರದ ಕೆಳಗೆ ತಾರೀಖು, ಆ ದಿನದ ಬಿಪಿ, ಮಾತ್ರೆ ತೆಗೆದುಕೊಂಡದ್ದಕ್ಕೆ ಒಂದು ಗುರುತು. ಮೂರು ತಿಂಗಳಾಗುವಷ್ಟರಲ್ಲಿ ಬಿಪಿ 132/82. ಕರಿಯನೂ ನಾಯಿಯ ಹಾಗೆ ಕಾಣತೊಡಗಿದ್ದ!

ತಪ್ಪು ತಿಳಿಯಬೇಡಿ. ಬಿಪಿ ಇಳಿಸಿದ್ದು ಮಾತ್ರೆ, ಕಡಿಮೆ ಉಪ್ಪು ಮತ್ತು ನಡಿಗೆ. ನಿಧಾನವಾಗಿ ಬರುವ ಫಲಕ್ಕೆ ಕಾಯುವುದನ್ನು ಕಲಿಸಿದ್ದು ಚಿತ್ರ. ಬಿಪಿ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕು. ಅಷ್ಟರಲ್ಲಿ ಮಾತ್ರೆ ಬಿಟ್ಟವರೇ ಮುಂದೆ ಪಾರ್ಶ್ವವಾಯು, ಹೃದಯಾಘಾತ ಎಂದು ನಮ್ಮ ಬಳಿ ಬರುವುದು.

ತಾಳ್ಮೆ ಹುಟ್ಟಿನಿಂದ ಬರಬೇಕಾಗಿಲ್ಲ, ಅಭ್ಯಾಸದಿಂದಲೂ ಬರುತ್ತದೆ. 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂಡಿಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. 2016ರಲ್ಲಿ ಅಮೆರಿಕದಲ್ಲಿ 39 ಮಂದಿ 45 ನಿಮಿಷ ಚಿತ್ರ, ಮಣ್ಣಿನ ಕೆಲಸ ಮಾಡಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು. ಮೊದಲೇ ಚಿತ್ರ ಬರುತ್ತಿರಬೇಕು ಎಂದೇನಿರಲಿಲ್ಲ.

ನೀವೂ ಹೀಗೆ ಶುರು ಮಾಡಿ:

1. ದಿನಕ್ಕೆ 20 ನಿಮಿಷ, ದಿನಾ ಒಂದೇ ಹೊತ್ತಿಗೆ. ಬೆಳಗಿನ ಮಾತ್ರೆ ತೆಗೆದುಕೊಂಡ ಮೇಲೆ ಕೂತರೆ ಎರಡೂ ನೆನಪಿರುತ್ತವೆ.

2. ಕಿಟಕಿಯ ಬೆಳಕಿನಲ್ಲಿ, ನಾಯಿ ಅಥವಾ ಬೆಕ್ಕಿನ ಕಣ್ಣಿನ ಮಟ್ಟದಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆಯಿರಿ. ಮೊದಲ ವಾರ ಕಣ್ಣು, ಮೂಗು ಮಾತ್ರ ಬರೆಯಿರಿ. ಕಣ್ಣಿನ ಹೊಳಪಿಗೆ ಹಾಳೆಯ ಬಿಳಿಯನ್ನೇ ಬಿಡಿ.

3. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಿ. ಕಪ್ಪು ನಾಯಿಗೆ ಬರೀ ಕಪ್ಪು ಬಳಿಯಬೇಡಿ, ನೀಲಿ ಮತ್ತು ಕಂದು ಬೆರೆಸಿ.

4. ವಿಶಾಖಪಟ್ಟಣದ ಸಮುದ್ರದ ಗಾಳಿಗೆ ಬಣ್ಣ ಬೇಗ ಒಣಗುವುದಿಲ್ಲ. ಹಸಿ ಬಣ್ಣದ ಮೇಲೆ ಇನ್ನೊಂದು ಹಚ್ಚಿದರೆ ಕೆಸರಾಗುತ್ತದೆ. ಅಲ್ಲಿಯವರೆಗೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ವಿಜಯವಾಡದವರು ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮುಗಿಸಿ.

5. ಕೆಟ್ಟ ಚಿತ್ರ ಹರಿಯಬೇಡಿ. ತಾರೀಖು ಹಾಕಿ ಇಡಿ. ತಿಂಗಳಾದ ಮೇಲೆ ಮೊದಲನೆಯದರ ಪಕ್ಕ ಇಟ್ಟು ನೋಡಿ.

6. ಬಿಪಿ ನೋಡುವ ಮುಂಚೆ 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಮಾತಾಡದೆ ಕೂತಿರಿ.

ಎದೆ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ಮಾತ್ರ ತಾಳ್ಮೆ ಬೇಡವೇ ಬೇಡ. ತಕ್ಷಣ 108ಕ್ಕೆ ಫೋನ್ ಮಾಡಿ.

ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ. ಅವರ ಮೊದಲ ಚಿತ್ರ ಆಡಿನ ಹಾಗೆ ಕಂಡರೆ ದಯವಿಟ್ಟು ನಗಬೇಡಿ.