ಸಿಲಿಂಡರ್ ಹೆಡ್ ಕೆಲಸ ಮಾಡಿಸಿದರೆ ಪವರ್ರೂ ಮೈಲೇಜೂ ಎರಡೂ ಏರುತ್ತವೆಯೇ?

‘ಟರ್ಬೊ ಬೇಡ, ಹೊಸ ಎಂಜಿನ್ ಬೇಡ. ಹೆಡ್ ಬಿಚ್ಚಿಸಿ ಪೋರ್ಟಿಂಗ್ ಮಾಡಿಸಿ, ಹಳೇ ಕಾರೂ ಹಾರುತ್ತೆ, ಮೈಲೇಜೂ ಜಾಸ್ತಿ ಬರುತ್ತೆ.’ ಕನ್ನಡಿಯಂತೆ ಹೊಳೆಯುವ ಹೆಡ್‌ನ ವಿಡಿಯೊ ಜೊತೆ ಇಂಥ ಮಾತು ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಒಂದಿಷ್ಟು ನಿಜವಿದೆ. ಆದರೆ ಪೂರ್ತಿ ನಂಬಿ ಚೆನ್ನಾಗಿ ಓಡುತ್ತಿರುವ ಎಂಜಿನ್ ಬಿಚ್ಚಿಸಿದರೆ ಹಣದ ಜೊತೆ ಎಂಜಿನ್ನೂ ಹೋಗಬಹುದು.

ಮೊದಲು ನಿಜ ಏನೆಂದು ನೋಡೋಣ. ಟರ್ಬೊ ಇಲ್ಲದ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವವರು ಯಾರೂ ಇಲ್ಲ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ವಾತಾವರಣದ ಒತ್ತಡವೇ ಗಾಳಿಯನ್ನು ಒಳಗೆ ತಳ್ಳಬೇಕು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸಿಗುವ ಸಮಯ ಸೆಕೆಂಡಿನ 200ನೇ ಒಂದು ಭಾಗ. ಅಷ್ಟರಲ್ಲಿ ಸಿಲಿಂಡರ್ ತುಂಬಬೇಕೆಂದರೆ ಹೆಡ್‌ನೊಳಗಿನ ದಾರಿ (ಇದೇ ಪೋರ್ಟ್) ಮತ್ತು ವಾಲ್ವ್‌ಗಳು ಅಡ್ಡಿಯಾಗಬಾರದು.

ನಮ್ಮ ರಸ್ತೆಗಳಲ್ಲೇ ಇದಕ್ಕೆ ಉದಾಹರಣೆ ಇದೆ. ಮಾರುತಿ 800ರ 796 ಸಿಸಿ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೆ ಎರಡು, ಒಟ್ಟು 6 ವಾಲ್ವ್. ಶಕ್ತಿ ಸುಮಾರು 37 ಎಚ್‌ಪಿ. ಅಷ್ಟೇ ಸಿಸಿಯ, ಆದರೆ 12 ವಾಲ್ವ್ ಹೆಡ್ ಇದ್ದ ಎಂಜಿನ್ ಆಲ್ಟೊದಲ್ಲಿ ಬಂದಾಗ ಸುಮಾರು 46 ಎಚ್‌ಪಿ ಕೊಟ್ಟಿತು. ಆದರೆ ಅದು ಕಂಪನಿಯವರು ಹೆಡ್, ಕ್ಯಾಮ್‌ಶಾಫ್ಟ್, ಇಂಧನದ ಲೆಕ್ಕ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಮಾಡಿದ್ದು. ಗ್ರೈಂಡರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ ಅದಲ್ಲ.

ಪೋರ್ಟ್ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ನಲ್ಲಿಗೆ ಹಾಕಿದ ಪೈಪಿನ ತುದಿಯನ್ನು ಬೆರಳಿಂದ ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಹಾಗೆ ಸರಿಯಾದ ಅಳತೆಯ ಪೋರ್ಟ್‌ನಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ. ಅತಿಯಾಗಿ ಕೊರೆದರೆ ಕಡಿಮೆ ಆರ್‌ಪಿಎಂನಲ್ಲಿ ಆ ವೇಗ ಬಿದ್ದು ಎಳೆತ ಕುಗ್ಗುತ್ತದೆ. ರೇಸ್ ಟ್ರ್ಯಾಕ್‌ನಲ್ಲಿ ಗೆಲ್ಲುವ ಹೆಡ್ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮುಗ್ಗರಿಸುವುದು ಇದಕ್ಕೇ. ಇನ್ನು ಆ ಕನ್ನಡಿ ಹೊಳಪು ನೋಡಲು ಚೆಂದ, ಅಷ್ಟೇ. ಗಾಳಿ ಒಳಬರುವ ಪೋರ್ಟ್‌ನ ಗೋಡೆ ತುಸು ತರಿಯಾಗಿದ್ದರೆ ಅದಕ್ಕೆ ಅಂಟಿದ ಪೆಟ್ರೋಲ್ ಮತ್ತೆ ಗಾಳಿಯಲ್ಲಿ ಬೆರೆಯಲು ಅನುಕೂಲ.

ಮೈಲೇಜ್ ವಿಷಯಕ್ಕೆ ಬರೋಣ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಹೆಚ್ಚು ಗಾಳಿ ಎಳೆದು ಹೆಚ್ಚು ಶಕ್ತಿ ಪಡೆಯುವ ಎಂಜಿನ್, ಆ ಶಕ್ತಿ ಬಳಸಿದಾಗ ಹೆಚ್ಚು ಪೆಟ್ರೋಲನ್ನೂ ಕುಡಿಯುತ್ತದೆ. ಊರೊಳಗೆ ಓಡಿಸುವಾಗಲಂತೂ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿರುತ್ತೀರಿ. ಆಗ ಗಾಳಿಗೆ ಅಡ್ಡ ನಿಂತಿರುವುದು ಅರೆಮುಚ್ಚಿದ ಥ್ರಾಟಲ್. ಹಿಂದಿರುವ ಪೋರ್ಟ್ ಎಷ್ಟು ಅಗಲವಿದ್ದರೇನು?

ಹೆಡ್‌ನ ತಳವನ್ನು ತೆಳುವಾಗಿ ಕೆರೆಸಿ ಕಂಪ್ರೆಷನ್ ಏರಿಸಿದರೆ ಮೈಲೇಜ್ ತುಸು ಹೆಚ್ಚುತ್ತದೆ, ನಿಜ. 9ರಿಂದ 10ಕ್ಕೆ ಏರಿಸಿದರೆ ಸೈದ್ಧಾಂತಿಕ ಲಾಭ ಸುಮಾರು ಶೇ 3. ಆದರೆ ಲೆಕ್ಕ ತಪ್ಪಿ ಹೆಚ್ಚು ಕೆರೆದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನೇ ಉರಿದು ‘ನಾಕಿಂಗ್’ ಶುರುವಾಗುತ್ತದೆ. ಅದು ಮುಂದುವರಿದರೆ ಪಿಸ್ಟನ್‌ಗೇ ಪೆಟ್ಟು. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ತಾಗಲೂಬಹುದು.

ಹಾಗಾದರೆ ‘ನಾನು ಮಾಡಿಸಿದೆ, ಗಾಡಿ ಹೊಸದರಂತಾಯಿತು’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇನಿಲ್ಲ. ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್‌ನ ಹೆಡ್ ಇಳಿಸಿದಾಗ ಮೆಕ್ಯಾನಿಕ್ ಕಾರ್ಬನ್ ತೆಗೆದು, ವಾಲ್ವ್‌ಗಳನ್ನು ಲ್ಯಾಪಿಂಗ್ ಮಾಡಿ, ಹೊಸ ಗ್ಯಾಸ್ಕೆಟ್ ಹಾಕುತ್ತಾರೆ. ಸೋರಿ ಹೋಗುತ್ತಿದ್ದ ಕಂಪ್ರೆಷನ್ ಮರಳಿ ಬರುತ್ತದೆ. ಹೆಸರು ಮಾತ್ರ ಪೋರ್ಟಿಂಗ್‌ಗೆ! ನಿಮ್ಮ ಕಾರಿನ ಎಳೆತ ಕುಗ್ಗಿದ್ದರೆ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಅದಕ್ಕೆ ಹೆಡ್ ಬಿಚ್ಚಬೇಕಿಲ್ಲ, ಸ್ಪಾರ್ಕ್ ಪ್ಲಗ್ ತೆಗೆದು ಗೇಜ್ ಹಾಕಿದರೆ ಸಾಕು.

ಇಷ್ಟಾದರೂ ಪವರ್ ಬೇಕೇ ಬೇಕು ಎನ್ನುವವರು ಕೆಲಸಕ್ಕೆ ಮುಂಚೆ ಮತ್ತು ನಂತರ ಒಂದೇ ಡೈನೊ ಯಂತ್ರದ ಮೇಲೆ ಅಳೆಸಿದ ಅಂಕಿಗಳನ್ನು ಕೇಳಿ. ಜೊತೆಗೆ ಆರ್‌ಟಿಒದಲ್ಲೂ ವಿಚಾರಿಸಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ.